ನಪಾಸೇ ಇಲ್ಲದ ಪರೀಕ್ಷೆ

ಸರಕಾರಿ ಕನ್ನಡದ ಕೆಲವು ಮಾತುಗಳು ತಮಗೇ ತಿಳಿಯದಂತೆ ನಿಜ ನುಡಿದುಬಿಡುತ್ತವೆ. ‘ಅಣಕು ಕಾರ್ಯಾಚರಣೆ’ ಎಂಬುದು ಅಂಥದೊಂದು ಮಾತು. ಮಾಕ್ ಡ್ರಿಲ್ ಎಂಬುದಕ್ಕೆ ಯಾರೋ ಪುಣ್ಯಾತ್ಮರು ಕಟ್ಟಿದ ಕನ್ನಡ. ಅಣಕು ಎಂದರೆ ನಿಜದಂತೆ ಮಾಡಿ ತೋರಿಸುವುದು ಹೌದು, ಗೇಲಿ ಮಾಡುವುದೂ ಹೌದು. ಅಣುವಿದ್ಯುತ್ ಸ್ಥಾವರದಲ್ಲಿ ಅಪಘಾತವಾಗಿ ವಿಕಿರಣ ಹೊರಗೆ ಬಂದರೆ ಸುತ್ತಲಿನ ಜನರನ್ನು ಹೇಗೆ ಕಾಪಾಡಬೇಕೆಂದು ಎರಡು ವರ್ಷಕ್ಕೊಮ್ಮೆ ನಡೆಸುವ ಕಾರ್ಯಾಚರಣೆ ಇದೆಯಲ್ಲ, ಅದು ಈ ಎರಡರಲ್ಲಿ ಯಾವ ಬಗೆಯ ಅಣಕು? ಈ ಪ್ರಶ್ನೆಯನ್ನು ನಡೆಸುವವರು ಕೇಳಿಕೊಳ್ಳುವುದಿಲ್ಲ. ಕೇಳಬೇಕಾದವರು ನಾವು.

‘ಅದೆಲ್ಲ ದೊಡ್ಡವರ ವಿಷಯ ಅಕ್ಕೋರೇ, ಅಡಿಗೆಮನೆಗೂ ಅಣುಶಕ್ತಿಗೂ ಏನು ಸಂಬಂಧ?’ ಎಂದು ನೆರೆಮನೆಯವರು ನನ್ನನ್ನು ಕೇಳುತ್ತಾರೆ. ಸಂಬಂಧ ಇದೆ. ಅಪಘಾತದ ದಿನ ‘ಮನೆಯೊಳಗೇ ಇರಿ, ಬಾಗಿಲು ಕಿಟಕಿ ಮುಚ್ಚಿ, ತೆರೆದಿಟ್ಟ ನೀರು ಕುಡಿಯಬೇಡಿ, ಇಂದು ಕರೆದ ಹಾಲನ್ನು ಮಕ್ಕಳಿಗೆ ಕೊಡಬೇಡಿ, ಈ ಗುಳಿಗೆ ನುಂಗಿ, ಬಸ್ಸು ಬಂದೊಡನೆ ಹೊರಡಿ’ ಎಂಬ ಆಜ್ಞೆಗಳು ಹೊರಡುತ್ತವೆ. ಅವು ಹೋಗಿ ಮುಟ್ಟುವುದು ಎಲ್ಲಿಗೆ? ಅಡಿಗೆಮನೆಗೇ. ಕಿಟಕಿ ಮುಚ್ಚುವವಳು ಹೆಂಗಸು. ಹಾಲು ಚೆಲ್ಲುವವಳು ಹೆಂಗಸು. ಹಾಸಿಗೆ ಹಿಡಿದ ಅತ್ತೆಯನ್ನು ಬಸ್ಸಿಗೆ ಹತ್ತಿಸಬೇಕಾದವಳೂ ಹೆಂಗಸೇ. ಯೋಜನೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಹುಟ್ಟಿದರೂ ಅದು ಬದುಕುವುದು ಅಥವಾ ಸಾಯುವುದು ನಮ್ಮ ಹೊಸ್ತಿಲ ಮೇಲೆ.

ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ, ಕಾಳಿ ನದಿಯ ಬದಿಗೆ, 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ಪೂರ್ಣವಾಗಿ ಕೆಲಸಕ್ಕೆ ತೊಡಗಿದವು. 700 ಮೆಗಾವಾಟಿನ ಇನ್ನೆರಡು ಘಟಕಗಳಿಗೆ ಕೇಂದ್ರ ಸರಕಾರ 2017ರಲ್ಲಿ ಒಪ್ಪಿಗೆ ಕೊಟ್ಟಿದೆ. ಸ್ಥಾವರ ಬೇಕೇ ಬೇಡವೇ ಎಂಬ ಜಗಳವನ್ನು ನಾನಿಲ್ಲಿ ಮತ್ತೆ ಎತ್ತುವುದಿಲ್ಲ. ಆ ಜಗಳವನ್ನು ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೇ ಒಯ್ದಿದ್ದರು. ಅವರು ಗೆಲ್ಲಲಿಲ್ಲ, ಸ್ಥಾವರ ಬಂತು. ನಮ್ಮ ಮನೆಯ ದೀಪವೂ ಅದೇ ವಿದ್ಯುತ್ತಿನಿಂದ ಉರಿಯುತ್ತದೆ. ಕೈಗಾದ ಒಂದನೆಯ ಘಟಕ 2018ರ ಕೊನೆಗೆ ಒಂದೇ ಸಮನೆ 962 ದಿನ ನಡೆದು ಆಗಿನ ವಿಶ್ವದಾಖಲೆ ಮಾಡಿದ್ದನ್ನೂ ನಾನು ಬಲ್ಲೆ, ಮಕ್ಕಳಿಗೆ ಹೇಳಿಯೂ ಇದ್ದೇನೆ. ಅದೇ ಉಸಿರಿಗೆ ಇನ್ನೆರಡನ್ನೂ ಹೇಳಬೇಕು. 1994ರ ಮೇ ತಿಂಗಳಲ್ಲಿ ಅದೇ ಘಟಕದ ಗುಮ್ಮಟದ ಕಾಂಕ್ರೀಟು ಕಟ್ಟುತ್ತಿರುವಾಗಲೇ ಕಳಚಿ ಬಿತ್ತು. 2009ರ ನವೆಂಬರಿನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿ, ಐವತ್ತಕ್ಕೂ ಹೆಚ್ಚು ನೌಕರರ ಹೊಟ್ಟೆಗೆ ಅದು ಸೇರಿತು. ಯಂತ್ರ ಎಷ್ಟು ಗಟ್ಟಿಯಾಗಿದ್ದರೂ ಮನುಷ್ಯನ ಕೈ ಯಾವಾಗ ಏನು ಮಾಡೀತೆಂದು ಹೇಳಲಾಗದು. ಕವಾಯತು ಬೇಕಾಗಿರುವುದು ಅದಕ್ಕೇ.

ಕಾಗದದ ಮೇಲೆ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಸ್ಥಾವರದೊಳಗಿನ ಕವಾಯತು ಮೂರು ತಿಂಗಳಿಗೊಮ್ಮೆ, ಇಡೀ ಆವರಣದ್ದು ವರ್ಷಕ್ಕೊಮ್ಮೆ, ಬೇಲಿಯಾಚೆಯ ಊರುಗಳನ್ನು ಸೇರಿಸಿಕೊಂಡದ್ದು ಎರಡು ವರ್ಷಕ್ಕೊಮ್ಮೆ. ಸ್ಥಾವರದ ಸುತ್ತ 16 ಕಿಲೋಮೀಟರಿನ ವರ್ತುಲವನ್ನು ತುರ್ತು ಯೋಜನೆಯ ವಲಯವೆಂದು ಗುರುತಿಸಿದ್ದಾರೆ. ಬೇಲಿಯಾಚೆಗೆ ಅಪಾಯ ಬಂದರೆ ಹೊಣೆ ಜಿಲ್ಲಾಡಳಿತದ್ದು. ಸೈರನ್ನು, ಧ್ವನಿವರ್ಧಕ, ಅಯೋಡಿನ್ ಗುಳಿಗೆ, ಬಸ್ಸು, ಆಶ್ರಯಕ್ಕೆ ಶಾಲೆ, ಎಲ್ಲವೂ ಪಟ್ಟಿಯಲ್ಲಿದೆ. ಪಟ್ಟಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಪಟ್ಟಿಯನ್ನು ಪರೀಕ್ಷಿಸುವ ಬಗೆಯ ಮೇಲೆ.

ನಾನು ಬಿ.ಎ., ಬಿ.ಎಡ್. ಮಾಡಿ ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಸಮಾಜಪಾಠ ಹೇಳಿದವಳು. ಅಣು ಹೇಗೆ ಒಡೆಯುತ್ತದೆಂದು ವಿವರಿಸಲು ನಮ್ಮ ವಿಜ್ಞಾನದ ಮಾಸ್ತರರೇ ಬೇಕು. ಆದರೆ ಪರೀಕ್ಷೆ ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪರೀಕ್ಷೆಗೆ ನಾಲ್ಕು ಲಕ್ಷಣ. ಹಾಜರಿ ಪುಸ್ತಕದಲ್ಲಿರುವ ಎಲ್ಲರೂ ಕೂರಬೇಕು. ಪ್ರಶ್ನೆ ಮೊದಲೇ ಗೊತ್ತಿರಬಾರದು. ಬರೆದವನೇ ತಿದ್ದಬಾರದು. ಮತ್ತು ನಪಾಸಾಗುವ ಸಾಧ್ಯತೆ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅದು ಪರೀಕ್ಷೆಯಲ್ಲ, ಶಾಲೆಯ ವಾರ್ಷಿಕೋತ್ಸವ.

ಮೊದಲನೆಯದನ್ನು ನೋಡೋಣ. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಬೆಂಕಿ ಅನಾಹುತದ ಕವಾಯತು ನಡೆಯಿತು. ದಿನ, ಗಂಟೆ ಎಲ್ಲ ಮುಂಚೆಯೇ ಗೊತ್ತು. ಒಂಬತ್ತನೆಯ ತರಗತಿಯಲ್ಲಿ ಕಾಲಿನ ಊನವಿದ್ದ ಹುಡುಗಿಯೊಬ್ಬಳಿದ್ದಳು, ಮಹಡಿಯಿಂದ ಇಳಿಯಲು ಗೆಳತಿಯರ ಹೆಗಲು ಬೇಕು. ಅವಳ ಮನೆಗೆ ಹಿಂದಿನ ಸಂಜೆಯೇ ಹೇಳಿ ಕಳಿಸಲಾಯಿತು: ನಾಳೆ ಬರುವುದು ಬೇಡ, ತೊಂದರೆಯಾದೀತು. ಮರುದಿನ ಗಂಟೆ ಬಾರಿಸಿತು, ಮಕ್ಕಳು ಸಾಲಾಗಿ ಇಳಿದರು, ನಾಲ್ಕು ನಿಮಿಷದಲ್ಲಿ ಶಾಲೆ ಖಾಲಿ. ಬಂದ ಅಧಿಕಾರಿಗಳು ಬೆನ್ನು ತಟ್ಟಿದರು. ‘ಆ ಹುಡುಗಿ ಬಂದಿದ್ದರೆ ಎಷ್ಟು ನಿಮಿಷ ಆಗುತ್ತಿತ್ತು?’ ಎಂದು ನಾನು ಸಭೆಯಲ್ಲಿ ಕೇಳಿದೆ. ‘ಅದು ಬೇರೆ ವಿಷಯ ಅಕ್ಕೋರೇ’ ಎಂದರು. ಬೇರೆ ವಿಷಯವಲ್ಲ, ಅದೊಂದೇ ವಿಷಯ! ಓಡಬಲ್ಲವರು ಕವಾಯತು ಇಲ್ಲದೆಯೂ ಓಡುತ್ತಾರೆ. ಕವಾಯತು ಇರುವುದು ಓಡಲಾರದವರಿಗಾಗಿ.

ಇದು ಒಂದು ಶಾಲೆಯ ಕಥೆಯಾದರೆ, ಇಡೀ ದೇಶವೇ ಹೀಗೆ ನಡೆದುಕೊಂಡರೆ ಏನಾಗುತ್ತದೆಂದು ಜಪಾನಿನಲ್ಲಿ ನೋಡಿದೆವು. 2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ, ಅದರ ಬೆನ್ನಿಗೇ ಫುಕುಶಿಮಾ ಸ್ಥಾವರದ ಅಪಘಾತ. ಜನರನ್ನು ತೆರವು ಮಾಡಿಸುವ ವರ್ತುಲ ಮೊದಲು 3 ಕಿಲೋಮೀಟರು, ಆಮೇಲೆ 10, ಮರುದಿನ ಸಂಜೆಗೆ 20 ಆಯಿತು. ಕಾಲಿದ್ದವರು, ಕಾರಿದ್ದವರು ಹೊರಟರು. ಆಸ್ಪತ್ರೆಗಳಲ್ಲಿ, ವೃದ್ಧಾಶ್ರಮಗಳಲ್ಲಿ ಮಲಗಿದವರು ಉಳಿದರು. ಅವರನ್ನು ಕೊನೆಗೆ ಸಾಮಾನ್ಯ ಬಸ್ಸುಗಳಲ್ಲಿ ಕೂರಿಸಿ ಗಂಟೆಗಟ್ಟಲೆ ಸಾಗಿಸಿದರು. ಆ ತಿಂಗಳಲ್ಲೇ ಕನಿಷ್ಠ 60 ರೋಗಿಗಳು ತೆರವಿನ ತೊಂದರೆಗಳಿಂದ ಸತ್ತರೆಂದು ಜಪಾನಿನ ಸಂಸತ್ತು ನೇಮಿಸಿದ ಸ್ವತಂತ್ರ ಆಯೋಗ ಲೆಕ್ಕ ಕೊಟ್ಟಿತು. ಅವರನ್ನು ಕೊಂದದ್ದು ವಿಕಿರಣವಲ್ಲ. ಯೋಜನೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ಹೋದದ್ದು.

ಜಪಾನಿನಲ್ಲಿ ಕವಾಯತು ನಡೆಯುತ್ತಿರಲಿಲ್ಲವೇ? ಪ್ರತಿವರ್ಷ ನಡೆಯುತ್ತಿತ್ತು. ಅದೇ ಆಯೋಗ 2012ರ ವರದಿಯಲ್ಲಿ ಹೇಳಿದ್ದು ಇದು: ಕವಾಯತುಗಳು ದೊಡ್ಡದಾದಷ್ಟೂ ಒಳಗಿನ ಹುರುಳು ಕಳೆದುಕೊಂಡವು, ತೋರಿಕೆಗಾಗಿ ನಡೆದವು. ಭಾರೀ ಅಪಘಾತವನ್ನಾಗಲಿ, ಭೂಕಂಪ ಮತ್ತು ಅಪಘಾತ ಒಟ್ಟಿಗೇ ಬರುವುದನ್ನಾಗಲಿ ಅವು ಊಹಿಸಲಿಲ್ಲ. ಅಂದರೆ ಎರಡನೆಯ ಲಕ್ಷಣವೂ ಇರಲಿಲ್ಲ. ಪ್ರಶ್ನೆಪತ್ರಿಕೆ ಸುಲಭದ್ದು, ಉತ್ತರ ಬಾಯಿಪಾಠದ್ದು. ಅಪಘಾತವನ್ನು ನಿಭಾಯಿಸಲೆಂದೇ ಸ್ಥಾವರದಿಂದ ಸುಮಾರು 5 ಕಿಲೋಮೀಟರು ದೂರದಲ್ಲಿ ಕಟ್ಟಿದ್ದ ಕೇಂದ್ರದಲ್ಲಿ ವಿದ್ಯುತ್ ಹೋಯಿತು, ದೂರವಾಣಿ ಕೆಟ್ಟಿತು, ವಿಕಿರಣದ ಗಾಳಿಯನ್ನು ಸೋಸುವ ವ್ಯವಸ್ಥೆಯೇ ಅದಕ್ಕಿರಲಿಲ್ಲ. ನಾಲ್ಕೇ ದಿನಕ್ಕೆ ಅಧಿಕಾರಿಗಳು ಅದನ್ನು ಬಿಟ್ಟು ಫುಕುಶಿಮಾ ನಗರಕ್ಕೆ ಹೋಗಬೇಕಾಯಿತು. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬ ಕಂಪ್ಯೂಟರ್ ಲೆಕ್ಕ ಸರಕಾರದ ಬಳಿ ಇತ್ತು, ಜನರಿಗೆ ಹೇಳಲಿಲ್ಲ. ನಾಮಿಯೆ ಪಟ್ಟಣದ ಜನ ಗಾಳಿ ಬೀಸುತ್ತಿದ್ದ ದಿಕ್ಕಿಗೇ ಓಡಿದರು.

ಅದೇ ಮಧ್ಯಾಹ್ನದ ಇನ್ನೊಂದು ಸಂಗತಿಯನ್ನು ಶಿಕ್ಷಕಿಯಾಗಿ ನಾನು ಹೇಳದೆ ಇರಲಾರೆ. ಅದು ಅಣುವಿನದಲ್ಲ, ಸುನಾಮಿಯದು. ಆದರೆ ಯೋಜನೆ ಬರೆಯುವವರೆಲ್ಲ ಓದಬೇಕಾದದ್ದು. ಇಶಿನೊಮಾಕಿಯ ಒಕಾವಾ ಪ್ರಾಥಮಿಕ ಶಾಲೆಯಲ್ಲಿ ಭೂಕಂಪವಾದ ಮೇಲೆ ಮಕ್ಕಳನ್ನು ಅಂಗಳದಲ್ಲಿ ಸುಮಾರು 50 ನಿಮಿಷ ನಿಲ್ಲಿಸಿಕೊಂಡರು. ಹಿಂದೆಯೇ ಗುಡ್ಡವಿತ್ತು. ಶಾಲೆಯ ಕೈಪಿಡಿಯಲ್ಲಿ ಎಲ್ಲಿಗೆ ಹೋಗಬೇಕೆಂದು ಬರೆದಿತ್ತು: ಹತ್ತಿರದ ಖಾಲಿ ಜಾಗ ಅಥವಾ ಉದ್ಯಾನ. ಯಾವ ಖಾಲಿ ಜಾಗ? ಯಾವ ಉದ್ಯಾನ? ಬರೆದವರು ಹೇಳಿರಲಿಲ್ಲ, ಮೇಲಿನವರು ಕೇಳಿರಲಿಲ್ಲ. 74 ಮಕ್ಕಳು, 10 ಮಂದಿ ಶಿಕ್ಷಕರು ನೀರುಪಾಲಾದರು. ತಂದೆತಾಯಿಯರು ನ್ಯಾಯಾಲಯಕ್ಕೆ ಹೋದರು. ಕೈಪಿಡಿಯನ್ನು ಪರಿಶೀಲಿಸಿ ತಿದ್ದಿಸದೆ ಹೋದದ್ದು ಶಾಲೆಯ ಮತ್ತು ನಗರದ ಶಿಕ್ಷಣ ಮಂಡಳಿಯ ನಿರ್ಲಕ್ಷ್ಯವೆಂದು ಸೆಂದಾಯಿ ಉಚ್ಚ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿತು. 2019ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನೇ ಉಳಿಸಿತು. ಓದದೆ ಹಾಕಿದ ಸಹಿಯೂ ಒಂದು ಅಪರಾಧ ಎಂಬ ಈ ತೀರ್ಪನ್ನು ನಮ್ಮ ಪ್ರತಿ ಕಚೇರಿಯ ಗೋಡೆಗೆ ತೂಗುಹಾಕಬೇಕು.

ಈಗ ನಮ್ಮ ಮನೆಗೆ ಬರೋಣ. ಮೂರನೆಯ ಲಕ್ಷಣ ತಿದ್ದುವವರದು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2005ರಲ್ಲಿ ಇಂಥ ಕವಾಯತುಗಳನ್ನು ಯೋಜಿಸಿ, ನಡೆಸಿ, ಮೌಲ್ಯಮಾಪನ ಮಾಡುವ ಬಗ್ಗೆಯೇ ಒಂದು ಕೈಪಿಡಿ ತಂದಿತು. ಪಾತ್ರ ಮಾಡುವವರು ಬೇರೆ, ಸನ್ನಿವೇಶ ನಡೆಸುವವರು ಬೇರೆ, ಅಂಕ ಕೊಡುವವರು ಬೇರೆ ಎಂಬುದು ಅದರ ತಳಹದಿ. ನಮ್ಮಲ್ಲೂ ನಿಯಂತ್ರಣ ಮಂಡಳಿಯ ವೀಕ್ಷಕರು ಬರುತ್ತಾರೆ, ಟಿಪ್ಪಣಿ ಬರೆದುಕೊಳ್ಳುತ್ತಾರೆ. ಆಮೇಲೆ? 2012ರಲ್ಲಿ ಮಹಾಲೇಖಪಾಲರು ಅಣುಶಕ್ತಿ ನಿಯಂತ್ರಣ ಮಂಡಳಿಯ ಕೆಲಸವನ್ನು ಪರಿಶೀಲಿಸಿ ಸಂಸತ್ತಿಗೆ ವರದಿ ಕೊಟ್ಟರು. ಬೇಲಿಯಾಚೆಯ ಕವಾಯತುಗಳೇ ನಮ್ಮ ಸಿದ್ಧತೆ ಸಾಲದೆಂದು ತೋರಿಸಿವೆ, ಆದರೆ ತಾನು ಸೂಚಿಸಿದ ತಿದ್ದುಪಡಿಗಳನ್ನು ಮಾಡಿಸುವ ಅಧಿಕಾರ ಮಂಡಳಿಗೆ ಇಲ್ಲ ಎಂಬುದು ಅದರ ತಿರುಳು. ಹೇಳಿದವರು ಯಾವುದೋ ಚಳವಳಿಗಾರರಲ್ಲ, ಸರಕಾರದ ಲೆಕ್ಕ ನೋಡುವವರು! ಮೇಷ್ಟ್ರು ಕೆಂಪು ಶಾಯಿಯಲ್ಲಿ ತಪ್ಪು ಗುರುತಿಸಬಹುದು, ಹುಡುಗ ತಿದ್ದಿ ಬರೆಯಬೇಕೆಂಬ ನಿಯಮವಿಲ್ಲ. ಇಂಥ ಶಾಲೆಯಲ್ಲಿ ಯಾವ ತಾಯಿ ಮಗುವನ್ನು ಸೇರಿಸುತ್ತಾಳೆ? 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಅಣುಶಕ್ತಿ ಕಾನೂನನ್ನು ಒಪ್ಪಿತು. ಅದು ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದಿದೆ, ಮಂಡಳಿಗೆ ಶಾಸನದ ಬಲವನ್ನೂ ಕೊಟ್ಟಿದೆ. ಒಳ್ಳೆಯದು. ಬಲ ಬಂದ ಮೇಲೆ ಅದನ್ನು ಬಳಸಿದರೋ ಇಲ್ಲವೋ ಎಂದು ನೋಡುವುದು ನಮ್ಮ ಕೆಲಸ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ನಪಾಸು. ಅಮೆರಿಕದಲ್ಲಿ 1979ರಲ್ಲಿ ಥ್ರೀ ಮೈಲ್ ಐಲೆಂಡ್ ಅಪಘಾತವಾದ ಮೇಲೆ ಬೇಲಿಯಾಚೆಯ ಕವಾಯತಿಗೆ ಕಟ್ಟುನಿಟ್ಟಿನ ನಿಯಮ ಬಂತು. ಸ್ಥಾವರ ನಡೆಸುವವರನ್ನು ಬಿಟ್ಟು ಬೇರೆ ಇಲಾಖೆ ಅಂಕ ಕೊಡುತ್ತದೆ. ಗಂಭೀರ ಲೋಪ ಕಂಡರೆ 120 ದಿನದೊಳಗೆ ತಿದ್ದಿಕೊಳ್ಳಬೇಕು, ವರದಿ ಯಾರು ಬೇಕಾದರೂ ಓದಬಹುದು. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಶೋರೆಹ್ಯಾಮ್ ಎಂಬ ಸ್ಥಾವರ ಕಟ್ಟಿದರು. ಅಪಘಾತವಾದರೆ ಜನರನ್ನು ಆ ದ್ವೀಪದಿಂದ ಸುರಕ್ಷಿತವಾಗಿ ಹೊರಗೆ ಸಾಗಿಸಲು ಸಾಧ್ಯವೇ ಇಲ್ಲವೆಂದು ಅಲ್ಲಿನ ಸಫೊಕ್ ಕೌಂಟಿಯ ಆಡಳಿತ 1983ರಲ್ಲಿ ಹೇಳಿಬಿಟ್ಟಿತು. ಜಗಳ ವರ್ಷಗಟ್ಟಲೆ ನಡೆಯಿತು. ಕೋಟಿಗಟ್ಟಲೆ ಡಾಲರು ಸುರಿದು ಕಟ್ಟಿದ ಆ ಸ್ಥಾವರ ವಾಣಿಜ್ಯಕ್ಕಾಗಿ ಒಂದು ದಿನವೂ ನಡೆಯದೆ ಮುಚ್ಚಿಹೋಯಿತು. ಇದು ಸರಿಯೋ ತಪ್ಪೋ ಎಂದು ನಾನು ಹೇಳುತ್ತಿಲ್ಲ. ಜಿಲ್ಲೆಯ ಜನಪ್ರತಿನಿಧಿಗಳು ಪ್ರಾಮಾಣಿಕವಾಗಿ ‘ಆಗುವುದಿಲ್ಲ’ ಎನ್ನಬಹುದಾಗಿತ್ತು, ಆ ಮಾತಿಗೆ ಬೆಲೆ ಇತ್ತು, ಅಷ್ಟೇ ನಾನು ಹೇಳುವುದು.

ನಮ್ಮ ಕೈಗಾದ ರಸ್ತೆಗಳ ಮೇಲೆ ಇಂಥ ಪ್ರಾಮಾಣಿಕ ಪ್ರಶ್ನೆಪತ್ರಿಕೆ ಬರೆದರೆ ಹೇಗಿದ್ದೀತು? 2019ರ ಮಳೆಗಾಲದಲ್ಲಿ ಕದ್ರಾ ಅಣೆಕಟ್ಟಿನಿಂದ ಬಿಟ್ಟ ನೀರು ಕಾಳಿಯ ಕೆಳದಂಡೆಯ ಊರುಗಳನ್ನು ನುಗ್ಗಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು, ಜೀವಗಳು ಹೋದವು. ಮೂರು ವಾರ ಕಳೆದ ಬೆನ್ನಿಗೇ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಹಳೆಯ ಕಾಳಿ ಸೇತುವೆ ಮುರಿದು ಬಿತ್ತು. ಹಾಗಾದರೆ ಪ್ರಶ್ನೆ ಹೀಗಿರಲಿ: ‘ಆಷಾಢದ ರಾತ್ರಿ ಎರಡು ಗಂಟೆ. ಮಳೆ. ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಘಟ್ಟದ ರಸ್ತೆಯ ಮೇಲೆ ಗುಡ್ಡ ಬಿದ್ದಿದೆ. ಕದ್ರಾದಿಂದ ಬಾಣಂತಿಯೊಬ್ಬಳನ್ನೂ, ಡಯಾಲಿಸಿಸ್ ಮಾಡಿಸಿಕೊಳ್ಳುವ ಮುದುಕರೊಬ್ಬರನ್ನೂ ಹೊರತನ್ನಿ.’ ಇದಕ್ಕೆ ಉತ್ತರ ಬರೆಯಲಿ. ಬಿಸಿಲಿನ ಬೆಳಿಗ್ಗೆ, ಹನ್ನೊಂದು ಗಂಟೆಗೆ, ಬಾವುಟ ಬೀಸಿ ಬಸ್ಸು ಹೊರಡಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ, ಮದುವೆ ದಿಬ್ಬಣವೂ ಹೊರಡುತ್ತದೆ.

‘ಹೀಗೆಲ್ಲ ಕೇಳಿದರೆ ಜನ ಹೆದರುತ್ತಾರೆ, ಗಾಬರಿ ಹುಟ್ಟಿಸಬೇಡಿ’ ಎಂಬುದು ಅಧಿಕಾರಿಗಳ ಹಳೆಯ ಮಾತು. ಹೆದರಿಕೆ ಹುಟ್ಟುವುದು ತಿಳಿವಳಿಕೆಯಿಂದಲ್ಲ, ಅದರ ಕೊರತೆಯಿಂದ. ಥ್ರೀ ಮೈಲ್ ಐಲೆಂಡಿನಲ್ಲಿ ರಾಜ್ಯಪಾಲರು ಹೊರಡಿ ಎಂದದ್ದು 5 ಮೈಲಿಯೊಳಗಿನ ಗರ್ಭಿಣಿಯರಿಗೆ ಮತ್ತು ಶಾಲೆಗೆ ಹೋಗದ ಎಳೆಯ ಮಕ್ಕಳಿಗೆ ಮಾತ್ರ, ಕೆಲವೇ ಸಾವಿರ ಜನ. ಹೊರಟವರು ಸುಮಾರು 1 ಲಕ್ಷ 40 ಸಾವಿರ! ಎರಡು ದಿನ ಒಬ್ಬೊಬ್ಬರು ಒಂದೊಂದು ಹೇಳಿದ್ದರು, ಜನ ಯಾರ ಮಾತನ್ನೂ ನಂಬಲಿಲ್ಲ. ಇನ್ನು ಮಾತೇ ಆಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚೆರ್ನೋಬಿಲ್ ಇದೆ. 1986ರ ಏಪ್ರಿಲ್ 26, ಶನಿವಾರ ನಸುಕಿನಲ್ಲಿ ಸ್ಥಾವರ ಸಿಡಿಯಿತು. ಪಕ್ಕದ ಪ್ರಿಪ್ಯತ್ ಊರಿನ ಮಕ್ಕಳು ಅಂದು ಎಂದಿನಂತೆ ಶಾಲೆಗೆ ಹೋದರು. ಊರು ಖಾಲಿ ಮಾಡಿಸಿದ್ದು ಮರುದಿನ ಮಧ್ಯಾಹ್ನ.

ಅಲ್ಲಿಂದ ಹೊರಟ ವಿಷ ಮಕ್ಕಳನ್ನು ಮುಟ್ಟಿದ ದಾರಿಯನ್ನು ಪ್ರತಿ ತಾಯಿಯೂ ತಿಳಿದಿರಬೇಕು. ವಿಕಿರಣದ ಅಯೋಡಿನ್ ಹುಲ್ಲಿನ ಮೇಲೆ ಬೀಳುತ್ತದೆ, ಹುಲ್ಲು ತಿಂದ ಆಕಳ ಹಾಲಿಗೆ ಇಳಿಯುತ್ತದೆ, ಹಾಲು ಕುಡಿದ ಮಗುವಿನ ಗಂಟಲಿನ ಥೈರಾಯ್ಡ್ ಗ್ರಂಥಿಯಲ್ಲಿ ಕೂಡುತ್ತದೆ. ಅದರ ಬಲ ಎಂಟು ದಿನಕ್ಕೆ ಅರ್ಧವಾಗುತ್ತದೆ. ಅಂದರೆ ಕೆಲವು ವಾರ ಆ ಹಾಲನ್ನು ದೂರವಿಟ್ಟರೆ ಮಗು ಬಹುಮಟ್ಟಿಗೆ ಉಳಿಯಿತು. ಅದನ್ನು ಹೇಳದೆ ಹೋದದ್ದರಿಂದ, 2005ರ ಹೊತ್ತಿಗೆ, ಅಂದು ಮಕ್ಕಳಾಗಿದ್ದವರಲ್ಲಿ 6 ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಥೈರಾಯ್ಡ್ ಕ್ಯಾನ್ಸರ್ ಕಾಣಿಸಿಕೊಂಡಿತ್ತು, ಬಹುಪಾಲು ಆ ಹಾಲಿನ ದೆಸೆಯಿಂದ. ನೆರೆಯ ಪೋಲೆಂಡು ಕೆಲವೇ ದಿನಗಳಲ್ಲಿ ಸುಮಾರು 1 ಕೋಟಿ ಮಕ್ಕಳಿಗೆ ಅಯೋಡಿನ್ ಕುಡಿಸಿತು. ಈ ಔಷಧಿ ವಿಕಿರಣ ಬರುವ ಮುಂಚೆ ಅಥವಾ ಬಂದ ಕೆಲವೇ ಗಂಟೆಗಳಲ್ಲಿ ಹೊಟ್ಟೆ ಸೇರಬೇಕು, ತಡವಾದರೆ ದಂಡ. ಆದ್ದರಿಂದ ನಮ್ಮ ಪ್ರಶ್ನೆಗಳು ಸರಳ. ಗುಳಿಗೆಯ ಬೀರುವಿನ ಕೀಲಿಕೈ ಯಾರ ಸೊಂಟದಲ್ಲಿದೆ? ಅವಧಿ ಮೀರಿದೆಯೇ ಎಂದು ಯಾರು ನೋಡುತ್ತಾರೆ? ಬೆಳಗಿನ ಹಾಲಿನ ವಾಹನವನ್ನು ತಡೆಯುವವರು ಯಾರು? ಹಾಲು ಚೆಲ್ಲಿದವಳಿಗೆ ಅಂದಿನ ದುಡ್ಡು ಯಾರು ಕೊಡುತ್ತಾರೆ? ದುಡ್ಡಿನ ಭರವಸೆ ಇಲ್ಲದೆ ಬಡವರ ಮನೆಯಲ್ಲಿ ಯಾರೂ ಹಾಲು ಚೆಲ್ಲುವುದಿಲ್ಲ, ತಿಳಿದಿರಲಿ.

ಕಾರವಾರ, ಅಂಕೋಲೆ, ಯಲ್ಲಾಪುರಗಳ ನಾವು ‘ನಮ್ಮೂರು 16 ಕಿಲೋಮೀಟರಿನ ಹೊರಗಿದೆ’ ಎಂದು ನಿಶ್ಚಿಂತರಾಗಿ ಕೂರುವಂತಿಲ್ಲ. ಫುಕುಶಿಮಾದ ಇಟಾಟೆ ಎಂಬ ಹಳ್ಳಿ ಸ್ಥಾವರದಿಂದ ಸುಮಾರು 40 ಕಿಲೋಮೀಟರು ದೂರದಲ್ಲಿತ್ತು. ಗಾಳಿ, ಹಿಮ ಸೇರಿ ವಿಕಿರಣ ಅಲ್ಲಿಗೇ ಇಳಿಯಿತು. ಬೇರೆಯವರಿಗೆ ಆಶ್ರಯ ಕೊಟ್ಟಿದ್ದ ಆ ಹಳ್ಳಿಗೂ ಮುಂದಿನ ತಿಂಗಳು ಊರು ಬಿಡಬೇಕೆಂಬ ಆಜ್ಞೆ ಬಂತು. ಗಾಳಿ ನಕ್ಷೆ ನೋಡಿ ಬೀಸುವುದಿಲ್ಲ. ಮೇಲಾಗಿ, ಬಂದವರನ್ನು ಇಳಿಸಿಕೊಳ್ಳುವುದು ನಮ್ಮ ಊರಿನ ಶಾಲೆಗಳಲ್ಲೇ. ಅಲ್ಲಿ ಎಷ್ಟು ಶೌಚಾಲಯಗಳಿಗೆ ನೀರಿದೆ ಎಂದು ಶಿಕ್ಷಕಿಯರನ್ನು ಕೇಳಿದರೆ ಸಾಕು, ಕವಾಯತು ಬೇಡ.

ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ದಿನ, ಗಂಟೆ ಮುಂಚೆ ಸಾರದ ಒಂದು ಕವಾಯತು, ಅದೂ ಮಳೆಗಾಲದಲ್ಲಿ. ಹಾಸಿಗೆ ಹಿಡಿದವರು, ಬಸುರಿಯರು, ಅಂಗವಿಕಲರು ಯಾವ ಮನೆಯಲ್ಲಿದ್ದಾರೆಂಬ ಪಟ್ಟಿ, ಅಂಗನವಾಡಿಯ ಕಾರ್ಯಕರ್ತೆಯ ಕೈಯಲ್ಲಿ ಅದು ಅರ್ಧ ಸಿದ್ಧವೇ ಇದೆ. ಅಂಕ ಕೊಡುವವರಲ್ಲಿ ಆ ಊರಿನದೇ ನಾಲ್ಕು ಹೆಂಗಸರು: ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಶಿಕ್ಷಕಿ, ಹಾಲು ಹಾಕುವವಳೊಬ್ಬಳು, ಸ್ವಸಹಾಯ ಸಂಘದವಳೊಬ್ಬಳು. ವರದಿ ಕನ್ನಡದಲ್ಲಿ, ಪಂಚಾಯಿತಿಯ ನೋಟೀಸ್ ಬೋರ್ಡಿನಲ್ಲಿ. ನಾನು ಇಷ್ಟು ವರ್ಷದಲ್ಲಿ ಅಂಥದೊಂದು ಕಾಗದವನ್ನು ಯಾವ ಬೋರ್ಡಿನ ಮೇಲೂ ಕಂಡಿಲ್ಲ. ಕಂಡ ಲೋಪಕ್ಕೆ ಗಡುವು, ಗಡುವಿಗೆ ಮರುಪರೀಕ್ಷೆ. ಹತ್ತನೆಯ ತರಗತಿಯ ಮಕ್ಕಳಿಗೆ ಇರುವ ನಿಯಮ ದೊಡ್ಡವರಿಗೆ ಭಾರವಾಗಬಾರದು.

ಮುಂದಿನ ಸಲ ಪತ್ರಿಕೆಯಲ್ಲಿ ‘ಅಣಕು ಕಾರ್ಯಾಚರಣೆ ಯಶಸ್ವಿ’ ಎಂಬ ತಲೆಬರಹ ಕಂಡಾಗ ಪುಟ ಮಗುಚಬೇಡಿ. ಗ್ರಾಮಸಭೆ ಇದ್ದಲ್ಲಿ ಎದ್ದು ನಿಂತು, ಪಟ್ಟಣದಲ್ಲಿದ್ದರೆ ಒಂದು ಕಾಗದ ಬರೆದು, ಒಂದೇ ಪ್ರಶ್ನೆ ಕೇಳಿ: ಯಾವ ಯಾವ ವಿಷಯದಲ್ಲಿ ನಪಾಸಾದಿರಿ? ಉದ್ದನೆಯ ಪಟ್ಟಿ ಕೊಟ್ಟರೆ ಸಂತೋಷಪಡಿ, ಅವರು ಕೆಲಸ ಮಾಡಿದ್ದಾರೆ. ‘ಯಾವುದರಲ್ಲೂ ಇಲ್ಲ’ ಎಂದರೆ ಪರೀಕ್ಷೆ ನಡೆದೇ ಇಲ್ಲವೆಂದು ತಿಳಿಯಿರಿ.